ಮಕ್ಕಳ ಜ್ವರವೂ ರಕ್ತಪರೀಕ್ಷೆಯ ಕಾಗದವೂ

ಮಗುವಿಗೆ ಜ್ವರ ಬಂದರೆ ಹಿಂದೆ ಅದರ ತಂದೆಯನ್ನು ಕಂಡವರು "ಕಾವು ಇಳಿಯಿತೇ?" ಎಂದು ಕೇಳುತ್ತಿದ್ದರು. ಈಗ ಕೊಳ್ಳೇಗಾಲದ ಪೇಟೆಯಲ್ಲಿಯೂ ಹನೂರು ಯಳಂದೂರುಗಳ ಬೀದಿಗಳಲ್ಲಿಯೂ ಕೇಳಿಬರುವ ಪ್ರಶ್ನೆ "ಪ್ಲೇಟ್ಲೆಟ್ ಎಷ್ಟಿದೆ?" ಎಂಬುದು. ಡೆಂಗ್ಯೂ ಜ್ವರವು ನಮ್ಮ ಜನಕ್ಕೆ ಕಲಿಸಿರುವ ಪಾಠವಿದು. ಆ ಸಂಖ್ಯೆಯು ಒಂದು ಲಕ್ಷಕ್ಕಿಂತ ಕೆಳಗೆ ಇಳಿಯಿತೆಂದರೆ ಮನೆಯವರೆಲ್ಲ ನಡುಗುತ್ತಾರೆ. ಏರುತ್ತಲಿದೆಯೆಂದರೆ ನಿಶ್ಚಿಂತರಾಗಿ ಮಗುವನ್ನು ಎತ್ತಿಕೊಂಡು ಮನೆಗೆ ಹೊರಡುತ್ತಾರೆ. ಹೀಗೆ ನಿಶ್ಚಿಂತರಾದುದೇ ಅನರ್ಥಕ್ಕೆ ಕಾರಣವಾಗುವಂಥ ಒಂದು ರೋಗವೂ ಉಂಟೆಂಬುದು ನಮಗೂ ತಿಳಿದಿರಲಿಲ್ಲ. ತಿಳಿದ ಬಗೆಯನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಮುದ್ರಣಾಲಯದ ನೌಕರರೊಬ್ಬರ ಮೂರು ವರ್ಷದ ಮಗುವಿಗೆ ಜ್ವರ ಬಂದಿತು. ಅವರ ಊರು ಹನೂರಿನಿಂದಾಚೆಗಿನ ಒಂದು ಹಳ್ಳಿ. ಮೊದಲ ಮೂರು ದಿನ ಅಂಗಡಿಯ ಔಷಧಿಯಾಯಿತು. ನಾಲ್ಕನೆಯ ದಿನ ಮೈಮೇಲೆ ಕೆಂಪು ಗಂಧೆಗಳೆದ್ದುದನ್ನು ನೋಡಿ ಅಜ್ಜಿಯು ಅಮ್ಮ ಎದ್ದಿದ್ದಾಳೆಂದು ಬೇವಿನ ಸೊಪ್ಪು ಕಟ್ಟಿ, ಮದ್ದು ಕೊಡಕೂಡದೆಂದು ತಡೆದಳು. ಆರನೆಯ ದಿನ ರಕ್ತಪರೀಕ್ಷೆಯಾಯಿತು. ಬಿಳಿ ಕಣಗಳು ಹತ್ತೊಂಬತ್ತು ಸಾವಿರ. ಮೂತ್ರದಲ್ಲಿಯೂ ಅವೇ ಕಣಗಳು. ಮೂತ್ರದ ಸೋಂಕೆಂದು ಔಷಧಿ ಕೊಟ್ಟರು. ಒಂಬತ್ತನೆಯ ದಿನವೂ ಜ್ವರ ಬಿಡಲಿಲ್ಲ. ಆ ದಿನದ ಎರಡನೆಯ ಕಾಗದವನ್ನು ತಂದೆಯು ನಮಗೆ ತಂದು ತೋರಿಸಿದನು. "ಪ್ಲೇಟ್ಲೆಟ್ ಏರಿದೆ ಸ್ವಾಮಿ, ನಾಲ್ಕು ಲಕ್ಷ ಇದ್ದದ್ದು ಆರೂಮುಕ್ಕಾಲಾಗಿದೆ" ಎಂದು ಅವನ ಮುಖವರಳಿತ್ತು. ಮುಚ್ಚಿಡುವುದೇಕೆ? ನಾವೂ ಒಳ್ಳೆಯದೇ ಆಯಿತೆಂದೆವು. ಹನ್ನೊಂದನೆಯ ದಿನ ಮೈಸೂರಿನ ಮಕ್ಕಳ ವೈದ್ಯರೊಬ್ಬರು ಅದೇ ಕಾಗದವನ್ನು ನೋಡಿ, ಮಗುವಿನ ತುಟಿಯನ್ನೂ ಕಣ್ಣನ್ನೂ ನೋಡಿ, ಆ ಗಳಿಗೆಯಲ್ಲಿಯೇ ಹೃದಯದ ಎಕೋ ಪರೀಕ್ಷೆಗೆ ಕಳುಹಿಸಿದರು. ಹೃದಯಕ್ಕೆ ರಕ್ತವನ್ನುಣಿಸುವ ಧಮನಿಗಳಲ್ಲೊಂದು ಆಗಲೇ ಹಿಗ್ಗಿತ್ತು.

ಈ ರೋಗಕ್ಕೆ ಕವಾಸಾಕಿ ರೋಗವೆಂದು ಹೆಸರು. ಜಪಾನಿನ ಟೋಮಿಸಾಕು ಕವಾಸಾಕಿ ಎಂಬ ಮಕ್ಕಳ ವೈದ್ಯರು ೧೯೬೧ರಲ್ಲಿ ಟೋಕಿಯೋ ನಗರದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ನಾಲ್ಕು ವರ್ಷದ ಒಬ್ಬ ಬಾಲಕನಲ್ಲಿ ಇದನ್ನು ಮೊದಲು ಕಂಡು, ತಮಗೆ ತಿಳಿದ ಯಾವ ರೋಗಕ್ಕೂ ಇದು ಹೊಂದುವುದಿಲ್ಲವೆಂದು ಬರೆದಿಟ್ಟುಕೊಂಡರು. ಅಂಥ ಮಕ್ಕಳನ್ನು ಒಬ್ಬೊಬ್ಬರಾಗಿ ಗುರುತಿಸುತ್ತ, ಐವತ್ತು ಮಂದಿಯಾದ ಮೇಲೆ ೧೯೬೭ರಲ್ಲಿ ಪ್ರಕಟಿಸಿದರು. ತಾವಾಗಿಯೇ ವಾಸಿಯಾಗುವ ಜ್ವರವೆಂದು ಮೊದಮೊದಲು ಎಣಿಸಿದ್ದರು. ವಾಸಿಯಾದಂತೆ ತೋರಿದ ಮಕ್ಕಳಲ್ಲಿ ಕೆಲವರು ಹಠಾತ್ತಾಗಿ ತೀರಿಕೊಂಡಾಗ, ಹೃದಯದ ಧಮನಿಗಳು ಉಬ್ಬಿ ಅವುಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದುದು ಗೊತ್ತಾಯಿತು. ರಕ್ತನಾಳಗಳ ಗೋಡೆಯೇ ಉರಿಯೂತಕ್ಕೆ ಸಿಕ್ಕುವ ರೋಗವಿದು. ಐದು ವರ್ಷದೊಳಗಿನ ಮಕ್ಕಳಿಗೇ ಹೆಚ್ಚಾಗಿ ಬರುತ್ತದೆ. ಕಾರಣವು ಈವರೆಗೂ ತಿಳಿದಿಲ್ಲ. ಆ ಮಹನೀಯರು ೨೦೨೦ರಲ್ಲಿ, ತಮ್ಮ ೯೫ನೆಯ ವಯಸ್ಸಿನಲ್ಲಿ ಕಾಲವಾದರು.

ಇದು ಜಪಾನೀಯರ ರೋಗ, ನಮಗೇಕೆಂದು ಯಾರೂ ಹೇಳಬಾರದು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುರ್ಜಿತ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ಅನೇಕ ವರ್ಷ ಲೆಕ್ಕವಿಟ್ಟು, ಗುರುತಿಸಲ್ಪಟ್ಟ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿತೆಂದು ತೋರಿಸಿದ್ದಾರೆ. ರೋಗವು ಹೆಚ್ಚಿತೋ ನೋಡುವ ಕಣ್ಣು ಹೆಚ್ಚಿತೋ ಎಂದು ಕೇಳಿದರೆ, ಎರಡನೆಯದಕ್ಕೇ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಬೆಂಗಳೂರು ಮೈಸೂರುಗಳ ಮಕ್ಕಳ ವೈದ್ಯರಿಗೆ ಇದು ಅಪರಿಚಿತವಲ್ಲ. ಹಳ್ಳಿಯಲ್ಲಿ ಇಲ್ಲವೆಂದರೆ, ಗುರುತಿಸಲ್ಪಟ್ಟಿಲ್ಲವೆಂದು ಅರ್ಥ.

ಲಕ್ಷಣಗಳನ್ನು ತಾಯಂದಿರೂ ನೋಡಬಹುದು. ಐದು ದಿನಕ್ಕೆ ಮಿಕ್ಕು ಬಿಡದ ಜ್ವರ, ಕೀವಿಲ್ಲದೆ ಎರಡು ಕಣ್ಣುಗಳೂ ಕೆಂಪಾಗುವುದು, ತುಟಿ ಕೆಂಪೇರಿ ಬಿರಿಯುವುದು, ನಾಲಗೆ ತರಿತರಿಯಾಗಿ ಕೆಂಪಾಗುವುದು, ಮೈಮೇಲೆ ಗಂಧೆ, ಅಂಗೈ ಅಂಗಾಲುಗಳ ಬಾವು, ಕುತ್ತಿಗೆಯಲ್ಲಿ ಗಂಟು. ನಮ್ಮ ದೇಶದಲ್ಲಿ ಮಕ್ಕಳಿಗೆ ಹುಟ್ಟಿದೊಡನೆ ಎಡತೋಳಿಗೆ ಬಿ.ಸಿ.ಜಿ. ಚುಚ್ಚುಮದ್ದು ಹಾಕುವ ಪದ್ಧತಿಯಿರುವುದರಿಂದ ಇನ್ನೊಂದು ಗುರುತೂ ದೊರೆಯುತ್ತದೆ. ಆ ಹಳೆಯ ಕಲೆಯು ಈ ಜ್ವರದಲ್ಲಿ ಕೆಲವು ಮಕ್ಕಳಿಗೆ ಹೊಸದಾಗಿ ಕೆಂಪಾಗಿ ಊದಿಕೊಳ್ಳುತ್ತದೆ. ಬೆರಳ ತುದಿಯಿಂದ ಚರ್ಮ ಸುಲಿಯುವುದು ಎರಡು ಮೂರನೆಯ ವಾರದ ಮಾತು. ಅದನ್ನು ಕಾಯುತ್ತ ಕುಳಿತರೆ ಕಾಲ ಮಿಂಚಿರುತ್ತದೆ. ಈ ಲಕ್ಷಣಗಳು ಒಟ್ಟಿಗೇ ಬರಬೇಕೆಂದೂ ಇಲ್ಲ. ಒಂದು ಬಂದು ಹೋದ ಮೇಲೆ ಇನ್ನೊಂದು ಬರುವುದುಂಟು. ಆದುದರಿಂದ ನಾಲ್ಕನೆಯ ದಿನ ಮಾಯವಾದ ಗಂಧೆಯನ್ನು ಎಂಟನೆಯ ದಿನ ನೋಡುವ ವೈದ್ಯರಿಗೆ ತಾಯಿ ಮರೆಯದೆ ಹೇಳತಕ್ಕದ್ದು.

ಇನ್ನು ರಕ್ತದ ಮಾತಿಗೆ ಬರೋಣ. ಈ ರೋಗವಿದೆ ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವ ರಕ್ತಪರೀಕ್ಷೆ ಆಸ್ಪತ್ರೆಗಳಲ್ಲಿ ಇಲ್ಲ. ಇರುವುವೆಲ್ಲ ಸಾಕ್ಷಿಗಳು, ತೀರ್ಪು ಕೊಡಬೇಕಾದವನು ವೈದ್ಯನು. ನ್ಯಾಯಸ್ಥಾನದಲ್ಲಿ ಕೆಲಸಮಾಡಿದ ನಮ್ಮ ವಾಚಕರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಬ್ಬನೇ ಸಾಕ್ಷಿಯನ್ನು ನಂಬಿ ತೀರ್ಪು ಬರೆಯುವುದೂ ತಪ್ಪು, ನಾಲ್ವರು ಒಂದೇ ಕಡೆಗೆ ಬೆರಳು ತೋರಿಸುತ್ತಿರುವಾಗ ಸುಮ್ಮನಿರುವುದೂ ತಪ್ಪು.

ಸಾಕ್ಷಿಗಳಲ್ಲಿ ಹಿರಿಯನು ಇ.ಎಸ್.ಆರ್. ರಕ್ತವನ್ನು ಕಿರಿದಾದ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದುವೆಂದು ನೋಡುವುದಷ್ಟೇ ಇದರ ಕ್ರಮ. ಸ್ವೀಡನ್ನಿನ ವೆಸ್ಟರ್‌ಗ್ರೆನ್ ೧೯೨೧ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಪ್ರಮಾಣ. ದೇಹದಲ್ಲಿ ಉರಿಯೂತವೆದ್ದಾಗ ರಕ್ತರಸದಲ್ಲಿ ಫೈಬ್ರಿನೋಜನ್ ಎಂಬ ದ್ರವ್ಯ ಹೆಚ್ಚಿ, ಕಣಗಳು ಒಂದರ ಮೇಲೊಂದು ಜೋಡಿಸಿದ ನಾಣ್ಯಗಳಂತೆ ಅಂಟಿಕೊಂಡು ಭಾರವಾಗಿ ಬೇಗ ಇಳಿಯುತ್ತವೆ. ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ಕೊಳವೆ, ಗಡಿಯಾರ, ತಾಳ್ಮೆ ಇದ್ದರೆ ಸಾಕು. ಎರಡನೆಯವನು ಸಿ.ಆರ್.ಪಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲ್ಲೆಟ್, ಫ್ರಾನ್ಸಿಸ್ ಎಂಬಿಬ್ಬರು ೧೯೩೦ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಉರಿಯೂತದ ಸುದ್ದಿ ಮುಟ್ಟಿದೊಡನೆ ಯಕೃತ್ತು ಈ ದ್ರವ್ಯವನ್ನು ತಯಾರಿಸತೊಡಗುತ್ತದೆ. ಕೆಲವೇ ಗಂಟೆಗಳಲ್ಲಿ ಏರುತ್ತದೆ, ಉರಿ ಶಮನವಾದರೆ ಬೇಗನೆ ಇಳಿಯುತ್ತದೆ.

ಐದು ದಿನ ಮೀರಿದ ಜ್ವರವಿದ್ದು, ಮೇಲೆ ಹೇಳಿದ ಲಕ್ಷಣಗಳಲ್ಲಿ ಎರಡು ಮೂರು ಮಾತ್ರವೇ ಕಾಣುವ ಮಗುವಿಗೆ ಈ ಎರಡು ಪರೀಕ್ಷೆಗಳು ಬಾಗಿಲು ಕಾಯುವವರಂತೆ. ಸಿ.ಆರ್.ಪಿ. ಒಂದು ಡೆಸಿಲೀಟರಿಗೆ ೩ ಮಿಲಿಗ್ರಾಂ ಅಥವಾ ಮೇಲಿದ್ದರೆ, ಇ.ಎಸ್.ಆರ್. ೪೦ ಅಥವಾ ಮೇಲಿದ್ದರೆ, ಮುಂದೆ ನೋಡಬೇಕೆಂದು ಅಮೆರಿಕದ ಹೃದ್ರೋಗ ಸಂಘದ ವಿಧಿ. ಮುಂದಿನ ಸಾಕ್ಷಿಗಳು ಆರು. ವಯಸ್ಸಿಗೆ ಮೀರಿದ ರಕ್ತಹೀನತೆ, ಏಳನೆಯ ದಿನದ ಮೇಲೆ ಪ್ಲೇಟ್ಲೆಟ್ ನಾಲ್ಕೂವರೆ ಲಕ್ಷ ದಾಟುವುದು, ಅಲ್ಬುಮಿನ್ ೩ ಗ್ರಾಮಿಗೆ ಇಳಿಯುವುದು, ಯಕೃತ್ತಿನ ಎ.ಎಲ್.ಟಿ. ಏರುವುದು, ಬಿಳಿ ಕಣಗಳು ೧೫ ಸಾವಿರ ಮುಟ್ಟುವುದು, ಮೂತ್ರದಲ್ಲಿ ಬಿಳಿ ಕಣಗಳು ತೋರುವುದು. ಇವುಗಳಲ್ಲಿ ಮೂರು ಕೂಡಿದರೆ ಚಿಕಿತ್ಸೆಗೆ ತೊಡಗಬಹುದು. ಎಕೋ ಪರೀಕ್ಷೆಯಲ್ಲಿ ಧಮನಿ ಕೆಟ್ಟಿರುವುದು ಕಂಡರಂತೂ ಮಾತೇ ಇಲ್ಲ. ಆರು ತಿಂಗಳೊಳಗಿನ ಹಸುಗೂಸಿಗೆ ಕಾರಣ ತಿಳಿಯದ ಜ್ವರ ಏಳು ದಿನ ನಿಂತರೆ ಬೇರೆ ಯಾವ ಲಕ್ಷಣವಿಲ್ಲದಿದ್ದರೂ ಈ ಪರೀಕ್ಷೆಗಳನ್ನು ಮಾಡಿಸಬೇಕು. ಲಕ್ಷಣ ಕಡಮೆ, ಧಮನಿಗೆ ಅಪಾಯ ಹೆಚ್ಚು, ಇದು ಆ ವಯಸ್ಸಿನ ವಿಪರ್ಯಾಸ.

ನಮ್ಮ ನೌಕರರ ಮಗುವಿನ ಎರಡು ಕಾಗದಗಳನ್ನು ಈ ವಿಧಿಯೊಡನೆ ಇಟ್ಟು ನೋಡಿದಾಗ ನಮಗಾದ ಖೇದವನ್ನು ಹೇಳತೀರದು. ಸಾಕ್ಷಿಗಳೆಲ್ಲ ನುಡಿದಿದ್ದರು, ಕೇಳಿದವರು ಬೇರೆ ಅರ್ಥ ಮಾಡಿದ್ದರು. ಬಿಳಿ ಕಣಗಳ ಏರಿಕೆಯನ್ನು ಸೋಂಕೆಂದು ತಿಳಿಯಲಾಯಿತು. ಮೂತ್ರದಲ್ಲಿ ಕಣಗಳಿದ್ದುದು ನಿಜ, ಆದರೆ ಮೂತ್ರವನ್ನು ಬೆಳೆಸಿ ನೋಡಿದ್ದರೆ ಕ್ರಿಮಿಯೊಂದೂ ಸಿಕ್ಕುತ್ತಿರಲಿಲ್ಲ. ಈ ರೋಗದ ರೀತಿಯೇ ಅದು. ಪ್ಲೇಟ್ಲೆಟ್ ವಿಷಯವನ್ನು ಮೊದಲೇ ಹೇಳಿದ್ದೇವೆ. ಡೆಂಗ್ಯೂವಿನಲ್ಲಿ ಅದು ಕುಸಿಯುತ್ತದೆ, ಕವಾಸಾಕಿ ರೋಗದ ಎರಡನೆಯ ವಾರದಲ್ಲಿ ಏರುತ್ತದೆ, ಕೆಲವು ಮಕ್ಕಳಲ್ಲಿ ಹತ್ತು ಲಕ್ಷವನ್ನೂ ಮುಟ್ಟುತ್ತದೆ. ಹಿಗ್ಗಿದ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಲು ಇಂಥ ಕಾಲ ತಕ್ಕುದಾಗಿರುತ್ತದೆ. ಜ್ವರ ಬಿಡದೆ ಪ್ಲೇಟ್ಲೆಟ್ ಏರಿದರೆ ಅದು ಸಂತೋಷದ ಸುದ್ದಿಯಲ್ಲವೆಂಬ ಒಂದು ಸಂಗತಿಯು ಜನಕ್ಕೆ ತಿಳಿದರೆ ಈ ಲೇಖನದ ಶ್ರಮ ಸಾರ್ಥಕ. ಇನ್ನೊಂದು ತೊಡಕು ಲೆಕ್ಕದ್ದು. ಸಿ.ಆರ್.ಪಿ.ಯನ್ನು ಕೆಲವು ಪ್ರಯೋಗಶಾಲೆಗಳು ಡೆಸಿಲೀಟರಿಗೂ ಕೆಲವು ಲೀಟರಿಗೂ ಬರೆಯುತ್ತವೆ. ಒಂದರಲ್ಲಿ ೩ ಎಂಬುದು ಇನ್ನೊಂದರಲ್ಲಿ ೩೦. ಇನ್ನು ಕೆಲವು ಕಡೆ ಗಾಜಿನ ಹಲಗೆಯ ಮೇಲೆ ಹನಿ ಬೆರೆಸಿ ನೋಡಿ "ಪಾಸಿಟಿವ್" ಎಂದಷ್ಟೇ ಬರೆದುಕೊಡುತ್ತಾರೆ. ಸಾಮಾನ್ಯ ನೆಗಡಿ ಜ್ವರದಲ್ಲಿಯೂ ಹಾಗೆ ಬರಬಹುದಾದುದರಿಂದ ಅಂಕಿಯಿಲ್ಲದ ಆ ಒಂದು ಮಾತಿನಿಂದ ವೈದ್ಯನಿಗೆ ಆಗುವ ಸಹಾಯ ಅತ್ಯಲ್ಪ.

ನಮ್ಮ ಸೀಮೆಗೇ ವಿಶೇಷವಾದ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಹನೂರು ತಾಲ್ಲೂಕಿನ ಮಲೆಮಹದೇಶ್ವರ ಬೆಟ್ಟದ ಕಡೆಯಲ್ಲಿಯೂ ಸೋಲಿಗರ ಪೋಡುಗಳಿವೆ. ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ, ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ರೋಗವುಂಟು. ಡಾ. ಎಚ್. ಸುದರ್ಶನರವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆ ಬೆಟ್ಟದಲ್ಲಿ ಇದರ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ನಡೆಸಿಕೊಂಡು ಬಂದಿದೆ. ಬಾಗಿದ ಕಣಗಳು ನಾಣ್ಯಗಳಂತೆ ಒಂದರ ಮೇಲೊಂದು ಕೂರಲಾರವಾದುದರಿಂದ, ಆ ರೋಗವಿರುವ ಮಗುವಿನ ಇ.ಎಸ್.ಆರ್. ಉರಿಯೂತವಿದ್ದರೂ ಕಡಮೆಯಾಗಿಯೇ ತೋರಬಹುದು. ಬಯಲುಸೀಮೆಯ ಹಳ್ಳಿಗಳಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಅನ್ನದ ಕೊರತೆಯ ರಕ್ತಹೀನತೆಯೇ ಇ.ಎಸ್.ಆರ್. ಅನ್ನು ಏರಿಸಿಬಿಡುತ್ತದೆ. ಎರಡು ಕಡೆಗೂ ಸಿ.ಆರ್.ಪಿ.ಯೇ ಹೆಚ್ಚು ನಂಬಿಕೆಯ ಸಾಕ್ಷಿ. ಒಂದೇ ತಾಲ್ಲೂಕು ಆಸ್ಪತ್ರೆಗೆ ಬೆಟ್ಟದ ಮಗುವೂ ಬಯಲಿನ ಮಗುವೂ ಬರುವ ನಮ್ಮ ಊರುಗಳಲ್ಲಿ, ಹಳೆಯ ಗಾಜಿನ ಕೊಳವೆಯೊಂದನ್ನೇ ನಂಬಿ ಕೂರಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕಾಲದ ಮಾತು ಎಲ್ಲಕ್ಕಿಂತ ದೊಡ್ಡದು. ಚಿಕಿತ್ಸೆಯಿಲ್ಲದೆ ಬಿಟ್ಟರೆ ನೂರು ಮಕ್ಕಳಲ್ಲಿ ಸುಮಾರು ೨೫ ಮಂದಿಗೆ ಹೃದಯದ ಧಮನಿ ಕೆಡುತ್ತದೆ. ಜ್ವರ ಬಂದ ಹತ್ತು ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧವನ್ನು ನರಕ್ಕೆ ಏರಿಸಿದರೆ ಅದು ೪ಕ್ಕೆ ಇಳಿಯುತ್ತದೆ. ಸಾವಿರಾರು ದಾನಿಗಳ ರಕ್ತರಸವನ್ನು ಕೂಡಿಸಿ ತೆಗೆದ ಸಾರವದು. ಜಪಾನಿನಲ್ಲಿ ೧೯೮೪ರಲ್ಲಿ ಫುರುಶೋ ಮತ್ತು ಸಂಗಡಿಗರು ಇದರ ಗುಣವನ್ನು ತೋರಿಸಿಕೊಟ್ಟರು. ಮಗುವಿನ ತೂಕದ ಪ್ರತಿ ಕಿಲೋವಿಗೆ ೨ ಗ್ರಾಮಿನಂತೆ ಕೊಡಬೇಕಾದುದರಿಂದ ಹತ್ತು ಕಿಲೋ ತೂಗುವ ಮಗುವಿಗೆ ೨೦ ಗ್ರಾಂ, ಎಂದರೆ ಐದು ಗ್ರಾಮಿನ ನಾಲ್ಕು ಸೀಸೆ ಬೇಕು. ಒಂದೊಂದು ಸೀಸೆಗೆ ಹಲವು ಸಾವಿರ ರೂಪಾಯಿ. ಹತ್ತು ದಿನ ಮೀರಿದರೂ ಜ್ವರವೂ ಸಿ.ಆರ್.ಪಿ.ಯೂ ಇಳಿಯದಿದ್ದರೆ ಕೊಡುವ ಕ್ರಮವುಂಟು. ನಮ್ಮ ನೌಕರರ ಮಗುವಿಗೆ ಕೊಟ್ಟುದು ಹಾಗೆಯೇ. ಮರುದಿನವೇ ಜ್ವರ ಬಿಟ್ಟಿತು. ಧಮನಿಯ ಹಿಗ್ಗು ಮಾತ್ರ ಆಗಲೇ ಆಗಿಹೋಗಿತ್ತು.

ಹತ್ತು ದಿನವೆಂದರೆ ಬಹಳವೆಂದು ತೋರಬಹುದು. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು ೮೦ ಕಿಲೋಮೀಟರು, ಕೊಳ್ಳೇಗಾಲದಿಂದ ಮೈಸೂರಿಗೆ ಸುಮಾರು ೬೦. ಕೂಲಿ ಬಿಟ್ಟು, ಬಸ್ಸು ಹಿಡಿದು, ಚೀಟಿ ಪಡೆದು, ವರದಿಗೆ ಕಾದು, ಮತ್ತೆ ಬಾ ಎನ್ನಿಸಿಕೊಂಡು ತಿರುಗುವ ತಂದೆಗೆ ಹತ್ತು ದಿನಗಳು ಕೈಯಲ್ಲಿ ಹಿಡಿದ ನೀರು. ಕೊಳ್ಳೇಗಾಲವು ೧೯೫೬ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ. ೧೯೯೭ರಿಂದ ಚಾಮರಾಜನಗರ ಜಿಲ್ಲೆ. ಕಾಗದಪತ್ರಗಳು ಹೋಗುವ ಊರು ಎರಡು ಬಾರಿ ಬದಲಾದರೂ ಕಷ್ಟದಲ್ಲಿರುವ ರೋಗಿಯು ಮುಖಮಾಡುವುದು ಇಂದಿಗೂ ಮೈಸೂರಿಗೇ. ಅಲ್ಲಿ ಚೆಲುವಾಂಬ ಆಸ್ಪತ್ರೆಯುಂಟು, ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯುಂಟು. ಜಿಲ್ಲೆಯಲ್ಲಿಯೇ ೨೦೧೬ರಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾದುದು ನಮಗೆ ಹೆಮ್ಮೆಯ ಸಂಗತಿ.

ಇತರ ರಕ್ತನಾಳದ ಉರಿಯೂತಗಳ ಬಗ್ಗೆ ಒಂದೆರಡು ಮಾತು. ೨೦೨೦ರ ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿಯೂ ಇಟಲಿಯ ಬೆರ್ಗಾಮೋದಲ್ಲಿಯೂ, ಕೋವಿಡ್ ತಗುಲಿ ಕೆಲವು ವಾರಗಳಾದ ಮಕ್ಕಳಿಗೆ ಕವಾಸಾಕಿಯನ್ನೇ ಹೋಲುವ ಜ್ವರ ಬಂದಿತು. ಮುಂದೆ ನಮ್ಮ ರಾಜ್ಯದಲ್ಲಿಯೂ ಕಂಡಿತು. ಅದರಲ್ಲಿ ಪ್ಲೇಟ್ಲೆಟ್ ಏರುವುದಕ್ಕೆ ಬದಲಾಗಿ ಇಳಿಯುವುದೇ ಹೆಚ್ಚು. ಫೆರಿಟಿನ್, ಡಿ-ಡೈಮರ್, ಹೃದಯದ ಟ್ರೊಪೋನಿನ್ ಎಂಬಿವು ಏರುತ್ತವೆ. ಕಾಲುಗಳ ಮೇಲೆ ಕೈಗೆ ಸಿಗುವ ನೇರಳೆ ಮಚ್ಚೆಗಳು, ಕೀಲುನೋವು, ಹೊಟ್ಟೆನೋವು ಬರುವ ಐ.ಜಿ.ಎ. ಉರಿಯೂತಕ್ಕೆ ರಕ್ತದಲ್ಲಿ ಗುರುತೇ ಇಲ್ಲ; ಪ್ಲೇಟ್ಲೆಟ್ ಸರಿಯಾಗಿದ್ದೂ ಮಚ್ಚೆ ಬಿದ್ದಿರುವುದೇ ಗುರುತು, ಮುಂದೆ ಮೂತ್ರಪಿಂಡಕ್ಕಾಗಿ ಮೂತ್ರವನ್ನು ನೋಡುತ್ತಿರಬೇಕು. ಹದಿಹರೆಯದ ಹುಡುಗಿಯರಿಗೆ ಬರುವ ಟಕಯಾಸು ರೋಗದಲ್ಲಿ ಇ.ಎಸ್.ಆರ್. ಸರಿಯಾಗಿದ್ದರೂ ಒಳಗೆ ಉರಿ ಇರಬಹುದು; ಎರಡು ಕೈಗಳ ನಾಡಿಯನ್ನೂ ರಕ್ತದೊತ್ತಡವನ್ನೂ ನೋಡುವ ಹಳೆಯ ಪದ್ಧತಿಯೇ ಅಲ್ಲಿ ಹೆಚ್ಚು ಹೇಳುತ್ತದೆ. ರಕ್ತವೇ ನೇರವಾಗಿ ಉತ್ತರ ಕೊಡುವ ಅಪರೂಪದ ರೋಗವೂ ಒಂದುಂಟು. ಎ.ಡಿ.ಎ. ೨ ಎಂಬ ಕಿಣ್ವದ ಕೊರತೆಯಿಂದ ಚಿಕ್ಕ ವಯಸ್ಸಿನಲ್ಲಿಯೇ ಪಾರ್ಶ್ವವಾಯು ಬಡಿಯುವ ವಂಶಪಾರಂಪರ್ಯ ರೋಗವೆಂದು ೨೦೧೪ರಲ್ಲಿ ತಿಳಿದುಬಂದ ಇದನ್ನು, ಆ ಕಿಣ್ವವನ್ನು ಅಳೆದು ನಿಶ್ಚಯಿಸಬಹುದು. ಕವಾಸಾಕಿಗೂ ಅಂಥ ನೇರ ಉತ್ತರವನ್ನು ಹುಡುಕುತ್ತಿದ್ದಾರೆ. ರಕ್ತಕಣಗಳ ಹದಿಮೂರು ಜೀನುಗಳ ಚಟುವಟಿಕೆಯನ್ನು ಅಳೆದು ಇದನ್ನು ಬೇರೆ ಜ್ವರಗಳಿಂದ ಬೇರ್ಪಡಿಸುವ ವಿಧಾನವೊಂದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರೂ ಅವರ ಸಂಗಡಿಗರೂ ೨೦೧೮ರಲ್ಲಿ ಪ್ರಕಟಿಸಿದ್ದಾರೆ. ಅದು ಹನೂರಿಗೆ ಬರುವವರೆಗೆ ನಮ್ಮ ಮಕ್ಕಳು ಕಾಯಲಾರರು.

ಆದುದರಿಂದ ಸರ್ಕಾರದವರಲ್ಲಿಯೂ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿಯೂ ನಮ್ಮ ವಿಜ್ಞಾಪನೆ ಬಹಳ ಚಿಕ್ಕದು. ಈ ಮೂರು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿ.ಆರ್.ಪಿ.ಯನ್ನು ಅಂಕಿಯಲ್ಲಿ ಬರೆದು ಅದೇ ದಿನ ಕೊಡತಕ್ಕದ್ದು. ಮಗುವಿನ ರಕ್ತಪರೀಕ್ಷೆಯ ಪ್ರತಿಯೊಂದು ಕಾಗದದ ಮೇಲೂ ಜ್ವರದ ಎಷ್ಟನೆಯ ದಿನವೆಂಬುದನ್ನು ನಮೂದಿಸತಕ್ಕದ್ದು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಇಮ್ಯುನೋಗ್ಲಾಬ್ಯುಲಿನ್ ಔಷಧವನ್ನು ಕವಾಸಾಕಿ ರೋಗಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆಯು ಆವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿರುವಾಗ, ಜಿಲ್ಲೆಯ ಕಾಲೇಜು ಆಸ್ಪತ್ರೆಯ ಉಗ್ರಾಣದಲ್ಲಿ ಸದಾ ಕೆಲವು ಮಕ್ಕಳಿಗಾಗುವಷ್ಟನ್ನು ಇಟ್ಟಿರಬೇಕೆಂದು ಕೇಳುವುದು ದುಬಾರಿ ಬಯಕೆಯಲ್ಲ. ತಂದೆತಾಯಂದಿರಲ್ಲಿ ನಾವು ಕೇಳುವುದು, ಹರಕೆ ಹೊರಬೇಡಿರೆಂದಲ್ಲ. ಬೇವಿನ ಸೊಪ್ಪನ್ನು ಕಟ್ಟಿಯೇ ಐದನೆಯ ದಿನ ಆಸ್ಪತ್ರೆಗೆ ಹೊರಡಿರಿ, ಮೊದಲಿನ ಕಾಗದಗಳನ್ನೆಲ್ಲ ಜೊತೆಗೆ ಒಯ್ಯಿರಿ. ಮೊದಲ ಪರೀಕ್ಷೆಯಲ್ಲಿ ಅಂಕಿಗಳು ಕಡಮೆಯಿದ್ದರೂ ಜ್ವರ ನಿಂತಿಲ್ಲವಾದರೆ ಮತ್ತೆ ಪರೀಕ್ಷೆ ಮಾಡಿಸಿರಿ.

ಆ ಬಾಲಕನು ಈಗ ಓಡಾಡಿಕೊಂಡಿದ್ದಾನೆ. ದಿನಕ್ಕೊಮ್ಮೆ ಚಿಕ್ಕ ಪ್ರಮಾಣದ ಆಸ್ಪಿರಿನ್ ನುಂಗುತ್ತಾನೆ. ಎಕೋ ಪರೀಕ್ಷೆಗೆ ಕರೆದ ದಿನ ಮೈಸೂರಿಗೆ ಹೋಗಿಬರುತ್ತಾನೆ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಇ.ಎಸ್.ಆರ್. ಇಳಿಯಲಿಲ್ಲವೆಂದು ತಂದೆಯು ಬಹಳ ಹೆದರಿದ್ದನು. ಏರಿಸಿದ ಔಷಧವೇ ಆ ಅಂಕಿಯನ್ನು ಕೆಲವು ವಾರ ಮೇಲೆ ಹಿಡಿದಿರುತ್ತದೆ, ಆಗ ಸಿ.ಆರ್.ಪಿ.ಯನ್ನು ಮಾತ್ರ ನೋಡಬೇಕೆಂದು ವೈದ್ಯರು ತಿಳಿಸಿದ ಮೇಲೆ ಸಮಾಧಾನವಾಯಿತು. ಇದೇ ಔಷಧ ಪಡೆದ ಎಳೆಯ ಮಕ್ಕಳಿಗೆ ದಡಾರದ ಚುಚ್ಚುಮದ್ದನ್ನು ಹನ್ನೊಂದು ತಿಂಗಳು ಮುಂದೂಡುವ ಪದ್ಧತಿಯಿದೆ. ಅದನ್ನು ತಾಯಿಕಾರ್ಡಿನಲ್ಲಿ ಬರೆಯಿಸಿಕೊಂಡು ಊರಿನ ಆಶಾ ಕಾರ್ಯಕರ್ತೆಗೆ ತೋರಿಸಬೇಕು.